ತಿರುವಿ ಹಾಕಿದ ಎಲೆ

ಬೆಳಗಿನ ಗಂಟೆ ಹೊಡೆದದ್ದೇ ಮೌನ ಶುರುವಾಯಿತು. ಸಂಜೆಯ ಕೂಟದವರೆಗೆ ಯಾರೂ ಯಾರೊಡನೆಯೂ ಮಾತಾಡಬಾರದು, ಬಾಯಿಗೆ ಅನ್ನವನ್ನೂ ಮುಟ್ಟಿಸಬಾರದು, ಮಾತಿದ್ದರೆ ದೇವರೊಡನೆ, ಅದೂ ಮನಸ್ಸಿನೊಳಗೆ ಎಂದು ಸಭೆಯ ಪಾದ್ರಿ ಅಯ್ಯನವರು ಹಿಂದಿನ ದಿನವೇ ಕಟ್ಟಪ್ಪಣೆ ಮಾಡಿದ್ದರು. ಈ ಬೆಟ್ಟ ಹತ್ತಿದಲ್ಲಿಂದ ಗಿದ್ಯೋನ ಮಾಸ್ತರಿಗೆ ಸಿಕ್ಕಿದ ಮೊದಲ ಸಮಾಧಾನ ಅದು. ಪುತ್ತೂರಿನ ಕ್ರೈಸ್ತ ಸಭೆಯವರು ಪ್ರತಿವರ್ಷ ಬೇಸಗೆ ರಜೆಯಲ್ಲಿ ಎಲ್ಲಾದರೊಂದು ಕಡೆ ಧ್ಯಾನಕೂಟ ನಡೆಸುವವರು. ಹೆಚ್ಚಾಗಿ ಸಮುದ್ರದ ಬದಿಗೆ ಹೋಗುವವರು. ಈ ವರ್ಷ ಯಾವ ಪಿಶಾಚಿ ಅವರ ತಲೆಗೆ ಹೊಕ್ಕಿತೋ, ಬಿಳಿ ದೊರೆಯೊಬ್ಬ ಬಿಟ್ಟುಹೋದ ಎಸ್ಟೇಟಿನ ಬಂಗಲೆ ಪುಕ್ಕಟೆ ಸಿಗುತ್ತದೆಂದು ಕೋಡಿಂಬಾಳದ ನೆತ್ತಿಯ ಮೇಲಿರುವ ಇದೇ ಗುಡ್ಡವನ್ನು ಹುಡುಕಿ ತೆಗೆದಿದ್ದರು. ಆರಾಧನೆಯ ಕೊನೆಯಲ್ಲಿ ಆ ಊರಿನ ಹೆಸರು ಓದಿದಾಗ ಮಾಸ್ತರು ಕೀರ್ತನೆಯ ಪುಸ್ತಕ ಮುಚ್ಚಿ ಬಾಗಿಲ ಕಡೆ ನೋಡಿದ್ದ. ಬರುವುದಿಲ್ಲ ಎನ್ನುವಂತಿರಲಿಲ್ಲ. ಸಭಾಪಾಲಕರ ತರಬೇತಿಗೆ ಒಬ್ಬನನ್ನು ಆರಿಸಲು ಮಂಗಳೂರಿನಿಂದ ಇಬ್ಬರು ಹಿರಿಯರು ಇದೇ ಕೂಟಕ್ಕೆ ಬರುವವರಿದ್ದರು; ಆರಿಸಿದರೆ ಅವನನ್ನೇ ಎಂದು ಇಡೀ ಸಭೆಗೆ ಗೊತ್ತಿತ್ತು. ಅದಕ್ಕೆ ಅವನು ಮಾಡಬೇಕಾದ್ದು ಒಂದೇ, ಸಂಜೆ ಎದ್ದು ನಿಂತು ತಾನು ನಂಬಿಕೆಗೆ ಬಂದ ಬಗೆಯ ಸಾಕ್ಷಿ ಹೇಳುವುದು.

ಆ ಸಾಕ್ಷಿಯಾದರೋ ಪುತ್ತೂರಿನಲ್ಲಿ ಬಲು ಪ್ರಸಿದ್ಧ. ಮಾಸ್ತರೇ, ನಿಮ್ಮ ತಾಯಿಯದ್ದು ಹೇಳಿ, ಎಂದು ಜನ ಹಾಡು ಕೇಳಿದ ಹಾಗೆ ಕೇಳುತ್ತಿದ್ದರು. ಭೂತಕ್ಕೆ ಹೆದರಿ ಬದುಕಿದ ಬಡ ಹೆಂಗಸು, ಗಂಡ ಬೈನೆ ಮರದಿಂದ ಬಿದ್ದು ಸತ್ತವನು, ಜ್ವರ ಬಂದು ಮುಳಿಹುಲ್ಲಿನ ಮಾಡಿನ ಕೆಳಗೆ ಮಲಗಿದವಳು, ಯಾವ ಪಾದ್ರಿಯನ್ನೂ ಕಾಣದವಳು, ಕೊನೆಯ ಉಸಿರಿನಲ್ಲಿ ಯಾರೂ ಕಲಿಸದ ಯೇಸುವಿನ ಹೆಸರು ಹೇಳಿ ಕಣ್ಣು ಮುಚ್ಚಿದ್ದು. ಮೊದಲ ಸಲ ಹೇಳಿದಾಗ ಬರೀ ಜ್ವರ ಇತ್ತು. ಮುಂದಿನ ವರ್ಷ ಆರಿಹೋಗುವ ಚಿಮಿಣಿ ದೀಪ ಸೇರಿತು. ಆಮೇಲೆ ಅವನ ಕೆನ್ನೆ ಸವರುವ ಒರಟು ಅಂಗೈ. ಆ ಅಂಗೈ ಬಂದಲ್ಲಿಗೆ ಅಯ್ಯನವರ ಹೆಂಡತಿ ಯೂನಿಸಮ್ಮ ತಪ್ಪದೆ ಅಳುತ್ತಿದ್ದರು. ಹೇಳಿ ಹೇಳಿ ಅವನಿಗೂ ಆ ಸಾವು ಕಂಡ ಹಾಗೇ ಆಗಿಹೋಗಿತ್ತು. ಕೆಲವೊಮ್ಮೆ ಅವನೇ ನಿಜವಾಗಿ ಅತ್ತದ್ದೂ ಉಂಟು. ಸತ್ತವಳು ಮಾತ್ರ ಸತ್ತಿರಲಿಲ್ಲ. ಬಂಗಲೆಯ ಜಗಲಿಯ ಮೂಲೆಗೆ ನಿಂತು ಬಗ್ಗಿ ನೋಡಿದರೆ ಗುಡ್ಡದ ಬುಡದಲ್ಲಿ ಅವಳ ಮಾಡು ಕಾಣುತ್ತಿತ್ತು. ಬಂದ ದಿನ ಅವನು ನೋಡಿಯೂ ಇದ್ದ. ಹೊಗೆ ಏಳುತ್ತಿತ್ತು. ಆಮೇಲೆ ಆ ಮೂಲೆಗೆ ಹೋಗಿರಲಿಲ್ಲ.

ಅವನೇನು ಬೇಕೆಂದು ಕೊಂದದ್ದಲ್ಲ. ಹುಡುಗನಾಗಿದ್ದಾಗ ಮಾವ ದುಗ್ಗಪ್ಪನ ಪೆಟ್ಟು ತಡೆಯದೆ ಹಲಸಿನ ಹಣ್ಣಿನ ಗಾಡಿಯ ಹಿಂದೆ ನಡೆದು ಪುತ್ತೂರು ಸೇರಿದ್ದ. ಅಲ್ಲಿಯ ಹುಡುಗರ ಆಶ್ರಮದಲ್ಲಿ ಹೊಟ್ಟೆ ತುಂಬ ಗಂಜಿ ಕೊಡುತ್ತಾರೆಂದು ಕೇಳಿದ್ದ. ಆದರೆ ಅನಾಥರಿಗೆ ಮಾತ್ರ. ಅಪ್ಪ? ಎಂದು ಕೇಳಿದರು. ಸತ್ತ, ಎಂದ. ಅಮ್ಮ? ಎಂದು ಕೇಳಿದರು. ಒಳಗಿನಿಂದ ಗಂಜಿಯ ಪರಿಮಳ ಬರುತ್ತಿತ್ತು. ಗುರುವಪ್ಪ ಎಂಬ ಹೆಸರನ್ನು ಅಲ್ಲಿಯೇ ಕಳಚಿ ಗಿದ್ಯೋನ ಎಂದಿಟ್ಟರು. ಅಷ್ಟೇ ಆದದ್ದು. ಹಸಿದ ಹುಡುಗ ಹೇಳಿದ ಒಂದು ಸುಳ್ಳನ್ನು ಕ್ಷಮಿಸದ ದೇವರು ದೇವರೇ ಎಂದು ಅವನು ತನ್ನೊಳಗೆ ಎಷ್ಟೋ ಸಲ ವಾದಿಸಿ ಗೆದ್ದಿದ್ದ. ಆದರೆ ಹುಡುಗನ ಸುಳ್ಳಿಗೆ ದೀಪವನ್ನೂ ಅಂಗೈಯನ್ನೂ ಸೇರಿಸಿದವನು ಹಸಿದ ಹುಡುಗನಲ್ಲ, ಮೂರು ಹೊತ್ತು ಉಂಡು ಇಸ್ತ್ರಿ ಅಂಗಿ ಹಾಕಿದ ಮಾಸ್ತರು. ಆ ವಾದ ಬಂದಲ್ಲಿ ಮಾಸ್ತರು ಎದ್ದು ಮಕ್ಕಳ ಕಾಪಿ ಪುಸ್ತಕ ತಿದ್ದಲು ಕೂರುತ್ತಿದ್ದ.

ಗೇರುಮರದ ಕೆಳಗೆ ಬೈಬಲು ಬಿಚ್ಚಿ ಕುಳಿತಿದ್ದಾಗ ಗುಡ್ಡದ ಕಾಲುದಾರಿಯಲ್ಲಿ ಒಂದು ಹಸಿರು ಕಟ್ಟು ಮೇಲೆ ಬರುತ್ತಿರುವುದು ಕಂಡಿತು. ಬಾಳೆಲೆಯ ಕಟ್ಟು. ಮೌನ ಮುರಿದ ಮೇಲೆ ಸಂಜೆ ಎಲ್ಲರಿಗೂ ಕೋಳಿ ಊಟ ಉಂಟು, ಎಲೆಗೆ ಕೆಳಗಿನ ಯಾರಿಗೋ ಹೇಳಿದ್ದೇನೆ ಎಂದು ಅಡಿಗೆಯ ಕುಕ್ಕಪ್ಪ ನಿನ್ನೆ ಹೇಳಿದ್ದು ನೆನಪಾಯಿತು. ಕಟ್ಟಿನ ಕೆಳಗೆ ಮುಖ ಕಾಣುತ್ತಿರಲಿಲ್ಲ. ಪಾದ ಕಾಣುತ್ತಿತ್ತು. ಬಲಗಾಲಿನ ಹೆಬ್ಬೆರಳು ಹೊರಕ್ಕೆ ಚಾಚಿದ, ಹಿಮ್ಮಡಿ ಒಡೆದ, ಇಳಿಜಾರಿನಲ್ಲಿ ಬೆರಳೂರಿ ನಡೆಯುವ ಪಾದ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅವನು ಹೆಗಲು ಮುಟ್ಟಿಕೊಂಡಿದ್ದ. ಓಡಬೇಕೆಂದು ಎದ್ದವನಿಗೆ ಓಡಿದರೆ ಎಲ್ಲರೂ ನೋಡುತ್ತಾರೆಂದು ಹೊಳೆದು ಮತ್ತೆ ಕುಳಿತ. ಅಮ್ಮನೇ. ತಿಮ್ಮಕ್ಕ ಹತ್ತಿರ ಬಂದಳು. ಉಸಿರು ಬಿಡಲು ನಿಂತು ಕಟ್ಟಿನ ಅಡಿಯಿಂದ ಅವನ ಮುಖ ನೋಡಿದಳು. ಗಿಡವನ್ನೋ ಕಲ್ಲನ್ನೋ ನೋಡಿದಷ್ಟೇ ಹೊತ್ತು. ಆಮೇಲೆ ಸೊಂಟ ಸರಿಮಾಡಿಕೊಂಡು ಅಡಿಗೆಕೋಣೆಯ ಕಡೆಗೆ ಹೋದಳು. ಅಬ್ಬ, ಗುರ್ತ ಸಿಗಲಿಲ್ಲ! ಸ್ತೋತ್ರ, ಸ್ತೋತ್ರ ಎಂದು ನಾಲಿಗೆ ತಾನಾಗಿ ಜಪಿಸಿತು. ಕನ್ನಡಕ ಬಂದಿದೆ, ಮೀಸೆ ಬಂದಿದೆ, ಹೇಗೆ ಗುರ್ತ ಸಿಗಬೇಕು? ಒಂದು ಅಧ್ಯಾಯ ಓದಿ ಮುಗಿಯುವಷ್ಟರಲ್ಲಿ ಆ ಸಮಾಧಾನ ಹುಳಿಯಾಗತೊಡಗಿತು. ಹೆತ್ತವಳಿಗೆ ಗುರ್ತ ಸಿಗುವುದಿಲ್ಲವೇ? ಇಷ್ಟು ವರ್ಷ ಅವಳು ಸಂಜೆಯಾದರೆ ದಾರಿ ನೋಡುತ್ತ ಬಾಗಿಲಲ್ಲಿ ಕೂತಿರುತ್ತಾಳೆ ಎಂದು ಅವನು ತಿಳಿದಿದ್ದ. ಅವಳನ್ನು ಕೊಂದ ಪಾಪವನ್ನು ಹೊರಲು ಅವನಿಗೆ ಒಳಗೊಳಗೆ ಬಲ ಕೊಟ್ಟದ್ದು ಆ ಚಿತ್ರವೇ. ಕಾಯುವವಳಿದ್ದಾಳೆ ಎಂಬ ಭರವಸೆಯಿದ್ದರೆ ಯಾರನ್ನು ಬೇಕಾದರೂ ಮೋಸ ಮಾಡಬಹುದು.

ಪುಟದ ಮೇಲೆ ಕಣ್ಣಿತ್ತು, ಮನಸ್ಸು ಕೆಳಗಿನ ಮನೆಯೊಳಗೆ ಹೊಕ್ಕಿತ್ತು. ಆಟಿ ತಿಂಗಳ ಅಮಾವಾಸ್ಯೆ. ಸತ್ತವರಿಗೆ ಬಡಿಸುವ ದಿನ. ಅಮ್ಮ ಒಳಗಿನ ಕತ್ತಲೆ ಕೋಣೆಯಲ್ಲಿ ಎಲೆ ಹಾಕುತ್ತಿದ್ದಾಳೆ. ಬದುಕಿದ್ದವರಿಗೆ ಎಲೆಯ ತುದಿ ಎಡಕ್ಕೆ, ಸತ್ತವರಿಗೆ ಬಲಕ್ಕೆ. ಹಾಗೆ ತಿರುವಿ ಹಾಕಿ, ಅನ್ನ, ಕೋಳಿ, ಒಂದು ಹುಂಡು ಉಪ್ಪು ಬಡಿಸಿ, ಮಾತಾಡದೆ, ಇನ್ನು ಬೇಕಾ ಎಂದು ಕೇಳದೆ, ಹಿಂದೆ ತಿರುಗಿ ನೋಡದೆ ಬಂದು ಬಾಗಿಲು ಎಳೆಯುತ್ತಾಳೆ. ಎಲ್ಲರೂ ಹೊರಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಒಂದಷ್ಟು ಹೊತ್ತಾದ ಮೇಲೆ ಅವಳು ಬಾಗಿಲಿಗೆ ಮೂರು ಸಲ ತಟ್ಟುತ್ತಾಳೆ, ಒಳಗಿದ್ದವರು ಎದ್ದುಹೋಗಲಿ ಎಂದು. ಒಂದು ವರ್ಷ, ಗುರುವಪ್ಪನಿಗೆ ಹಸಿವು ತಡೆಯಲಿಲ್ಲ. ಮೊದಲೇ ಒಳಗೆ ಹೋಗಿ ಭತ್ತದ ಕಣಜದ ಹಿಂದೆ ಅವಿತು ಕೂತ. ಬಾಗಿಲು ಹಾಕಿದ್ದೇ ಹೊರಬಂದು ಅಪ್ಪನಿಗೆ ಬಡಿಸಿದ ಕೋಳಿಯ ಕಾಲನ್ನು ತಿಂದು ಎಲುಬನ್ನು ಎಲೆಯ ಮೇಲೆ ಇಟ್ಟ. ತಟ್ಟುವ ಸದ್ದು ಕೇಳಿ ಮತ್ತೆ ಅವಿತ. ಅಮ್ಮ ದೀಪ ಹಿಡಿದು ಒಳಬಂದವಳು ಎಲೆ ನೋಡಿ ನಿಂತುಬಿಟ್ಟಳು. ಮುಟ್ಟಿದ್ದಾರೆ, ಮುಟ್ಟಿದ್ದಾರೆ ಎಂದು ದುಗ್ಗಪ್ಪನನ್ನು ಕೂಗಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ಅವನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಕಣಜದ ಹಿಂದೆ ಬೆರಳು ನೆಕ್ಕುತ್ತ ಕೂತ ಹುಡುಗನಿಗೆ ಆ ದಿನ ಒಂದು ವಿದ್ಯೆ ತಿಳಿಯಿತು: ನಂಬುವವರಿಗೆ ಬೇಕಾದ್ದನ್ನು ಎಲೆಯ ಮೇಲೆ ಇಟ್ಟರಾಯಿತು, ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ. ಇಡೀ ಪುತ್ತೂರು ಸಭೆಯನ್ನು ಅವನು ಅಳಿಸಿದ್ದು ಆ ವಿದ್ಯೆಯಿಂದಲೇ.

ನೀರು ಕುಡಿಯುವ ನೆವ ಮಾಡಿ ಅವನು ಅಡಿಗೆಕೋಣೆಯ ಹಿಂದಿನ ಗೋಡೆಗೆ ಬಂದು ನಿಂತ. ಮೌನದ ನಿಯಮ ಅಡಿಗೆಯವರಿಗೆ ಇರಲಿಲ್ಲ. ಪಾಪದ ಭಯ ಇದ್ದವರಿಗೆ ಮಾತ್ರ ಮೌನ, ಉಳಿದವರು ತೆಂಗಿನಕಾಯಿ ತುರಿಯಬೇಕಲ್ಲ. ಒಳಗೆ ಕುಕ್ಕಪ್ಪ ಬಿಸಿನೀರಿನಲ್ಲಿ ಅದ್ದಿದ ಹುಂಜದ ಪುಕ್ಕ ಕೀಳುತ್ತಿದ್ದ. ಬೈಬಲಿನಲ್ಲಿ ಪೇತ್ರ ಮೂರು ಸಲ ಗುರುವನ್ನು ಅರಿಯೆನೆಂದಾಗ ಕೋಳಿಯಾದರೂ ಕೂಗಿತ್ತು. ಇಲ್ಲಿ ಅದರ ಕತ್ತನ್ನು ಬೆಳಿಗ್ಗೆಯೇ ಕೊಯ್ದಾಗಿತ್ತು.

"ನಿನಗೆ ಮಕ್ಕಳು ಎಂತ ಇಲ್ವಾ ಅಜ್ಜಿ?" ಕುಕ್ಕಪ್ಪ ಕೇಳಿದ.

"ಇದ್ದ ಒಬ್ಬ. ಸತ್ತ."

"ಅಯ್ಯೋ. ಎಂತಾಗಿ?"

"ಎಂತಾಗಿ ಅಂತ ಯಾರಿಗೆ ಗೊತ್ತುಂಟು. ಮನೆ ಬಿಟ್ಟು ಹೋದ. ಪುತ್ತೂರಿನ ಆಶ್ರಮದಲ್ಲಿ ಉಂಟು ಅಂತ ಯಾರೋ ಹೇಳಿದ್ರು. ನಡ್ಕೊಂಡೇ ಹೋದೆ ಮಾರಾಯ. ಗೇಟಿನಲ್ಲಿ ನಿಂತೆ. ಗುರುವಪ್ಪ ಅಂತ ಇಲ್ಲಿ ಯಾರೂ ಇಲ್ಲ ಅಂದ್ರು. ಅಂಗಳದಲ್ಲಿ ಮಕ್ಕಳು ಆಡ್ತಾ ಇದ್ದವು. ಅದರಲ್ಲಿ ಒಂದು ಮಗು ನನ್ನನ್ನು ನೋಡಿದ್ದೇ ಓಡಿ ಹೋಗಿ ಬಚ್ಚಲಿನ ಹಿಂದೆ ಅಡಗಿತು."

"ಅವನೇ ಇರ್ಬೇಕು!"

"ಅದೇ ನಾನು ಹೇಳುದು. ಹೆತ್ತವಳನ್ನು ನೋಡಿ ಹಾಗೆ ಓಡುದು ಜೀವ ಇದ್ದ ಮಗ ಅಲ್ಲ. ಕುಲೆ. ಸತ್ತವರೇ ಹಾಗೆ ಓಡುದು, ನಾವು ನೋಡಿದ ಕೂಡಲೆ. ನನಗೆ ಅಲ್ಲಿಯೇ ಗೊತ್ತಾಯ್ತು. ಬಂದು ಅಣ್ಣನಿಗೆ ಹೇಳಿ ಬೊಜ್ಜ ಮಾಡಿ ಮುಗಿಸಿದೆ. ಊರಿಗೆ ಊಟ ಹಾಕಿದೆವು."

ಗೋಡೆಯ ಸುಣ್ಣ ಮಾಸ್ತರ ಅಂಗೈಗೆ ಹತ್ತಿತು. ಸತ್ತವರಿಗೆ ಮಾಡುವ ಬೊಜ್ಜ. ಅವನದ್ದು. ಹೆಸರು ಹೇಳಿ ನೀರು ಬಿಟ್ಟು, ಬಂದವರು ಉಂಡು ಎಲೆಯಡಿಕೆ ಹಾಕಿಕೊಂಡು, ಪಾಪ ಒಳ್ಳೆ ಹುಡುಗ ಎಂದು ಹೇಳಿ ಹೋಗಿರಬೇಕು. ಅವನು ಆ ಹೊತ್ತಿಗೆ ಆಶ್ರಮದಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದ. ಮೊದಲು ಕೊಂದದ್ದು ಯಾರು ಎಂಬ ವಿಚಿತ್ರ ಲೆಕ್ಕ ತಲೆಯೊಳಗೆ ಎದ್ದಿತು. ನಾನು ಹಸಿದು ಕೊಂದೆ, ಇವಳು ಉಂಡು ಕೊಂದಳು! ಇವಳಿಗಾಗಿ ನಾನು ಇಷ್ಟು ವರ್ಷ ಮಲಗಿದಲ್ಲಿ ಹೊರಳಿದೆನಲ್ಲ, ಇವಳಿಗಾಗಿ! ಕೋಪ ಬಂತು. ಕೋಪದ ಬೆನ್ನಿಗೇ ಅಳು ಬಂತು. ಆಗ ಮೂಲೆ ತಿರುಗಿ ಅಯ್ಯನವರು ಎದುರಾದರು. ಬಿಳಿ ಜುಬ್ಬಾ, ಎದೆಗೆ ಒತ್ತಿದ ಬೈಬಲು. ಮಾಸ್ತರ ಒದ್ದೆ ಕಣ್ಣು ನೋಡಿ ಅವರ ಮುಖ ಅರಳಿತು. ದೇವರು ಇವನಲ್ಲಿ ಕೆಲಸ ಮಾಡುತ್ತಿದ್ದಾನೆ ಎಂದುಕೊಂಡರೋ ಏನೋ. ಮಾತಿಲ್ಲದೆ ಹೆಗಲು ತಟ್ಟಿ ಹೋದರು. ಥೂ, ಈ ಹಾಳು ಕಣ್ಣೀರು ಎಲ್ಲಿ ಬಿದ್ದರೂ ತನಗೇ ಲಾಭವಾಗುತ್ತದಲ್ಲ ಎಂದು ಅವನಿಗೆ ಅಸಹ್ಯವಾಯಿತು.

ಬಿಸಿಲು ನೆತ್ತಿಗೆ ಬಂದಾಗ ತಿಮ್ಮಕ್ಕ ಕೊಡ ಹಿಡಿದು ಬಂಗಲೆಯ ಕೆಳಗಿನ ಬಾವಿಗೆ ಹೋದಳು. ಉಪವಾಸದ ಜನ ನೆರಳು ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಕೆಲವರು ಧ್ಯಾನದಲ್ಲಿ, ಕೆಲವರು ನಿದ್ದೆಯಲ್ಲಿ. ಅವನು ಹಿಂದಿನಿಂದಲೇ ಹೋದ. ಹೇಳಿಬಿಡಬೇಕು. ನಾನು ಸತ್ತಿಲ್ಲ, ನೋಡು, ಎಂದು ಹೇಳಬೇಕು. ಆಮೇಲೆ ಹಿರಿಯರು ಆರಿಸದಿದ್ದರೆ ಬೇಡ, ಸಭೆ ಉಗಿದರೆ ಉಗಿಯಲಿ. ಹಾಗೆ ಅಂದುಕೊಂಡಾಗ ಮೈ ಹಗುರವಾದಂತೆ, ಕಾಲಿಗೆ ಬಂಡೆಯೇ ತಾಗದಂತೆ ಇಳಿದ. ಅವಳು ಹಗ್ಗ ಎಳೆಯುತ್ತಿದ್ದಳು. ಕುತ್ತಿಗೆಯ ಹಿಂದೆ, ಕೂದಲು ಬಿಳಿಯಾದಲ್ಲಿ, ಅದೇ ಕರಿಯ ಮಚ್ಚೆ. ಅವಳ ಬೆನ್ನ ಮೇಲೆ ಜೋತು ಹೋಗುತ್ತಿದ್ದಾಗ ಅವನು ಉಗುರಿನಿಂದ ಕೆರೆದು ನೋಡುತ್ತಿದ್ದ ಮಚ್ಚೆ. ಕೊಡ ಕಟ್ಟೆಯ ಮೇಲಿಟ್ಟು ತಿರುಗಿದಳು. ಇಬ್ಬರ ನಡುವೆ ಕೈಯಳತೆಯಷ್ಟೇ ದೂರ. ಈ ಸಲ ಅವಳು ನೋಡಿದ್ದು ಗಿಡವನ್ನು ನೋಡಿದ ಹಾಗಲ್ಲ. ಕನ್ನಡಕದ ಹಿಂದೆ, ಮೀಸೆಯ ಹಿಂದೆ, ಅವಳ ಕಣ್ಣು ಹುಡುಕಿಕೊಂಡು ಹೋಗಿ ಹುಡುಗನನ್ನು ಹಿಡಿದುಬಿಟ್ಟಿತು. ತುಟಿ ಬಿಚ್ಚಿಕೊಂಡಿತು. ಗು, ಎನ್ನುವಷ್ಟು ಗಾಳಿ ಹೊರಟಿತು. ಅದೇ ಹೊತ್ತಿಗೆ ಮೇಲಿನ ಮೆಟ್ಟಿಲಲ್ಲಿ ಯೂನಿಸಮ್ಮನ ಚಪ್ಪಲಿಯ ಸದ್ದಾಯಿತು. ಮಾಸ್ತರ ಬಲಗೈ ತಾನಾಗಿ ಮೇಲೆದ್ದು, ತೋರುಬೆರಳು ತುಟಿಯ ಮೇಲೆ ಅಡ್ಡವಾಗಿ ನಿಂತಿತು. ಶ್, ಎಂದಿತು ಬಾಯಿ. ಶಾಲೆಯಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ಹೇಳುವ ಅದೇ ಶ್.

ತಿಮ್ಮಕ್ಕ ಆ ಬೆರಳನ್ನು ನೋಡಿದಳು. ಬಿಚ್ಚಿದ ತುಟಿ ಮುಚ್ಚಿತು. ಅವಳ ಮುಖದಲ್ಲಿ ದುಃಖವೋ ಸಿಟ್ಟೋ ಕಂಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕಂಡದ್ದು ಬೇರೆ. ಸಂಶಯವಿದ್ದ ವಿಷಯ ಖಾತ್ರಿಯಾದಾಗ ಮನುಷ್ಯರು ತಲೆಯಾಡಿಸುತ್ತಾರಲ್ಲ, ಹಾಗೆ ಸಣ್ಣಗೆ ತಲೆಯಾಡಿಸಿದಳು. ಕೊಡವನ್ನು ಸೊಂಟಕ್ಕೇರಿಸಿ ಹೊರಟಳು. ಎದುರು ಬಂದ ಯೂನಿಸಮ್ಮನಿಗೆ ದಾರಿ ಬಿಟ್ಟು ಬದಿಗೆ ನಿಂತಳು. ಯೂನಿಸಮ್ಮ ಮುಗುಳ್ನಕ್ಕು, ಮೌನ ಎಂದು ಕೈಸನ್ನೆಯಲ್ಲಿ ಅವಳಿಗೆ ತಿಳಿಸಿ, ಮಾಸ್ತರನ್ನು ನೋಡಿ ಮೆಚ್ಚುಗೆಯಿಂದ ಕಣ್ಣು ಮುಚ್ಚಿ ತೆರೆದರು. ಬಾವಿಕಟ್ಟೆಯಲ್ಲಿ ಕೂಡ ನಿಯಮ ಮುರಿಯದವನು!

ಮಧ್ಯಾಹ್ನವೆಲ್ಲ ಅವನು ಮೊಣಕಾಲೂರಿ ಕೂತ. ಸತ್ಯ ಹೇಳುವ ಬಲ ಕೊಡು ಎಂದು ಬೇಡಿದ. ಬೇಡುತ್ತಿರುವಾಗಲೇ, ಸತ್ಯ ಹೇಳಿದರೆ ಹೇಗೆ ಹೇಳುವುದು, ಎಲ್ಲಿ ತಡೆಯುವುದು, ಯಾವಾಗ ಅವಳ ಕಡೆ ಕೈ ತೋರಿಸುವುದು ಎಂದು ಮನಸ್ಸು ಹೆಣೆಯುತ್ತ ಹೋಯಿತು. ಪ್ರಾರ್ಥನೆ ಎಲ್ಲಿ ಮುಗಿದು ತಾಲೀಮು ಎಲ್ಲಿ ಶುರುವಾಯಿತೆಂದು ಅವನಿಗೇ ತಿಳಿಯಲಿಲ್ಲ. ಸತ್ಯವೂ ಒಳ್ಳೆಯ ಸಾಕ್ಷಿಯೇ ಆದೀತು, ಬಹುಶಃ ಇದಕ್ಕಿಂತ ಒಳ್ಳೆಯದೇ. ಕಳೆದುಹೋದ ಮಗ, ಸಿಕ್ಕಿದ ತಾಯಿ. ಹಿರಿಯರು ಕ್ಷಮಿಸಬಹುದು. ಕ್ಷಮಿಸದೆಯೂ ಇರಬಹುದು. ನಂಬಿಕೆ ಎಂದರೆ ಏನು ಎಂದು ಶಾಲೆಯ ಮಕ್ಕಳಿಗೆ ಅವನು ಎಷ್ಟೋ ಸಲ ಹೇಳಿಕೊಟ್ಟಿದ್ದ. ಕಾಣದ್ದನ್ನು ನಿಜವೆಂದು ತಿಳಿಯುವುದು. ಕಂಡದ್ದನ್ನು ಸುಳ್ಳೆಂದು ಸಾಧಿಸುವುದಕ್ಕೆ ಹೆಸರೇನೆಂದು ಯಾವ ಮಗುವೂ ಕೇಳಿರಲಿಲ್ಲ.

ಬಿಸಿಲು ಇಳಿಯುವಾಗ ಗಂಟೆ ಹೊಡೆಯಿತು. ಮೌನ ಮುರಿದದ್ದೇ ಜನ ಕಟ್ಟೆಯೊಡೆದ ಹಾಗೆ ಮಾತಾಡತೊಡಗಿದರು. ಸೊಳ್ಳೆಯ ವಿಷಯ, ಸೆಕೆಯ ವಿಷಯ, ಹೋದ ವರ್ಷ ಜಿಲ್ಲೆ ಮೈಸೂರಿಗೆ ಸೇರಿದ ಮೇಲೆ ಮಾಸ್ತರರ ಸಂಬಳ ತಡವಾಗುವ ವಿಷಯ. ಕೀರ್ತನೆ ಹಾಡಿದರು. ಮಂಗಳೂರಿನ ಇಬ್ಬರು ಹಿರಿಯರು ಬೆತ್ತದ ಕುರ್ಚಿಯಲ್ಲಿ ಕುಳಿತರು. ಗಿದ್ಯೋನ ಮಾಸ್ತರೇ, ಎಂದರು ಅಯ್ಯನವರು. ಎದ್ದು ನಿಂತ. ಒಳಬಾಗಿಲಿನ ಚೌಕಟ್ಟಿಗೆ ಒರಗಿ ಕುಕ್ಕಪ್ಪ ನಿಂತಿದ್ದ. ಅವನ ಪಕ್ಕದಲ್ಲಿ, ಸೆರಗಿನಿಂದ ಕೈ ಒರೆಸುತ್ತ, ತಿಮ್ಮಕ್ಕ. ನನ್ನ ತಾಯಿ, ಎಂದು ಶುರುಮಾಡಿದ. ಮುಂದಿನ ಶಬ್ದ ಬದುಕಿದ್ದಾಳೆ ಎಂಬುದಾಗಿತ್ತು. ಅದು ಗಂಟಲವರೆಗೆ ಬಂದದ್ದೂ ನಿಜ. ಆದರೆ ಮುಂದಿನ ಸಾಲಿನಲ್ಲಿ ಯೂನಿಸಮ್ಮ ಆಗಲೇ ರವಕೆಯ ತೋಳಿನಿಂದ ಕರವಸ್ತ್ರ ತೆಗೆದು ಮಡಿಲಲ್ಲಿ ಬಿಡಿಸಿಟ್ಟುಕೊಂಡಿದ್ದರು. ಆ ಚೌಕದ ಬಟ್ಟೆ ಬಿಚ್ಚಿಕೊಂಡು ಕಾಯುತ್ತಿತ್ತು. ಎಲೆ ಹಾಕಿಯಾಗಿದೆ, ಬಡಿಸಬೇಕು.

ಬಡಿಸಿದ. ಎಂದೂ ಬಡಿಸದಷ್ಟು ಚೆನ್ನಾಗಿ ಬಡಿಸಿದ. ಜ್ವರ ಬಂತು, ದೀಪ ಬಂತು, ಅಂಗೈ ಬಂತು. ಅಂಗೈಯ ಮೇಲೆ ಹೊಸದಾಗಿ ಬಾವಿಹಗ್ಗದ ತರಚು ಬಂತು, ಕುತ್ತಿಗೆಯ ಹಿಂದೆ ಕರಿಯ ಮಚ್ಚೆ ಬಂತು. ಎದುರಿಗೆ ನಿಂತವಳ ಮೈಯಿಂದಲೇ ಒಂದೊಂದನ್ನು ಕಿತ್ತು ಸತ್ತವಳಿಗೆ ತೊಡಿಸಿದ. ಸಾಯುವಾಗ ಅವಳು, ಮಗಾ ನನ್ನನ್ನು ತಿರುಗಿ ನೋಡಬೇಡ, ನೀನು ಬೆಳಕಿನ ಕಡೆ ಹೋಗು, ಎಂದಳು ಎಂದ. ಈ ಮಾತು ಅವನಿಗೆ ನಿಂತಲ್ಲೇ ಹೊಳೆದದ್ದು. ಅದು ಎಷ್ಟು ಚೆನ್ನಾಗಿ ಬಂತೆಂಬ ಸಂತೋಷ ಬೆನ್ನಹುರಿಯಲ್ಲಿ ಸುಳಿಯಿತು, ಸುಳ್ಳಲ್ಲ. ಸಭೆ ಬಿಕ್ಕಿತು. ಹಿರಿಯರಲ್ಲೊಬ್ಬರು ಕನ್ನಡಕ ತೆಗೆದು ಒರೆಸಿದರು. ಕುಕ್ಕಪ್ಪ ಕೂಡ ಮೂಗೆಳೆದ. ಅಳದೆ ನಿಂತವಳು ಒಬ್ಬಳೇ. ತಲೆ ಒಂದು ಬದಿಗೆ ವಾಲಿಸಿ, ಬೇರೆ ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ ಕೇಳಿ ಮುಗಿಸಿ, ಕುಕ್ಕಪ್ಪನ ಹತ್ತಿರ ತುಳುವಿನಲ್ಲಿ ಮೆಲ್ಲಗೆ ಏನೋ ಕೇಳಿದಳು.

"ಅಜ್ಜಿ ಎಂತ ಹೇಳುದು ಕುಕ್ಕಪ್ಪ?" ಯೂನಿಸಮ್ಮ ಮೂಗು ಒರೆಸುತ್ತ ಕೇಳಿದರು.

"ಅದು ಎಂತ ಇಲ್ಲ ಅಮ್ಮ. ಆ ತಾಯಿಗೆ ಬೊಜ್ಜ ಮಾಡಿದ್ರಾ ಅಂತ ಕೇಳ್ತಾಳೆ."

ಅಳು ನಗುವಾಗಿ ತಿರುಗಿತು. ಒಳ್ಳೆಯ ನಗುವೇ, ಯಾರಿಗೂ ನೋವು ಮಾಡುವ ಇರಾದೆ ಇಲ್ಲದ್ದು. ಅಯ್ಯನವರು ಪ್ರೀತಿಯಿಂದ ಅವಳ ಕಡೆ ಬಾಗಿದರು.

"ನಮ್ಮಲ್ಲಿ ಬೊಜ್ಜ ಇಲ್ಲ ಅಜ್ಜಿ. ಸತ್ತವರು ದೇವರ ಹತ್ತಿರ ಇರ್ತಾರೆ. ಅವರಿಗೆ ಹಸಿವು ಇಲ್ಲ."

"ಹಸಿವು ಇಲ್ಲದೆ ಉಂಟಾ ಮಾರಾಯ್ರೆ," ಎಂದಳು ತಿಮ್ಮಕ್ಕ, ಈ ಸಲ ಎಲ್ಲರಿಗೂ ಕೇಳುವಂತೆ. "ನನ್ನ ಮಗನಿಗೆ ಜೀವ ಇರುವಾಗಲೇ ದೊಡ್ಡ ಹಸಿವು. ವರ್ಷವೂ ಬಡಿಸ್ತೇನೆ. ಮುಟ್ಟುದೇ ಇಲ್ಲ. ಸತ್ತ ಮೇಲೂ ಹಠ ಬಿಡ್ಲಿಲ್ಲ. ಒಂದು ಸಲ ಮುಟ್ಟಿದ್ರೆ ಅಲ್ಲಿಗೆ ಮುಗೀತಿತ್ತು, ಮತ್ತೆ ಬಡಿಸುದು ಬೇಡ. ನನಗೂ ಪ್ರಾಯ ಆಯ್ತಲ್ಲ, ಎಷ್ಟು ವರ್ಷ ಅಂತ ಎಲೆ ಹಾಕುದು?"

ಪಾಪ, ಎಂದರು ಯೂನಿಸಮ್ಮ. ಇಂಥವರಿಗಾಗಿಯೇ ನಮಗೆ ನಿಮ್ಮಂಥ ಪಾಲಕರು ಬೇಕು ಮಾಸ್ತರೇ, ಎಂದು ಹಿರಿಯರು ಕೈ ಕುಲುಕಿದರು. ಮಳೆ ಹಿಡಿಯುವ ಮೊದಲೇ ಹೊರಟು ಬನ್ನಿ, ಕೋಣೆ ಸಿದ್ಧವಿರುತ್ತದೆ ಎಂದರು. ಆಗಿಹೋಯಿತು. ಬೇಕಾದದ್ದು ಸಿಕ್ಕಿತು. ಒಬ್ಬೊಬ್ಬರೇ ಬಂದು ಅವನ ಕೈ ಹಿಡಿದು ಅಲುಗಿಸಿ ಹೋದರು. ಆ ಗಡಿಬಿಡಿಯಲ್ಲಿ ಜಗಲಿಯ ಪಂಕ್ತಿ ತುಂಬಿತು. ಎಲೆ ಸಾಲುಸಾಲಾಗಿ ಬಿದ್ದಿತ್ತು, ಕೂರಲು ಒಂದು ತೆರವೂ ಇರಲಿಲ್ಲ.

"ಮಾಸ್ತರೇ, ನೀವು ಒಳಗೆ ಸಾಮಾನಿನ ಕೋಣೆಯಲ್ಲಿ ಕೂತ್ಕೊಳ್ಳಿ," ಎಂದ ಕುಕ್ಕಪ್ಪ. "ಅಜ್ಜಿ ಬಡಿಸ್ತಾಳೆ. ನಿಮಗೇ ಅಂತ ಕಾಲು ತೆಗ್ದು ಇಟ್ಟಿದ್ದಾಳೆ."

ಅಕ್ಕಿಮುಡಿಯ, ಒಣಮೆಣಸಿನ ವಾಸನೆಯ ಸಣ್ಣ ಕೋಣೆ. ಕಿಟಕಿ ಇಲ್ಲ. ಮಣೆ ಹಾಕಿತ್ತು. ತಿಮ್ಮಕ್ಕ ಬಂದು ಅವನ ಮುಂದೆ ಬಗ್ಗಿ ಎಲೆ ಹಾಸಿದಳು. ತುದಿ ಅವನ ಬಲಕ್ಕೆ. ಅವನು ಮೊದಲು ನೋಡಿದ್ದು ಎಲೆಯನ್ನಲ್ಲ, ಅದನ್ನು ಹಾಸಿ ಬಿಟ್ಟ ಕೈಯನ್ನು, ಆಮೇಲೆ ಎಲೆಯನ್ನು. ನೀರು ಚಿಮುಕಿಸಿದಳು. ಅನ್ನ ಹಾಕಿದಳು, ಕೋಳಿಯ ಕಾಲು ಹಾಕಿದಳು, ಹುಂಡು ಉಪ್ಪು ಹಾಕಿದಳು. ಸಾಕಾ ಎನ್ನಲಿಲ್ಲ, ಮುಖ ಎತ್ತಲಿಲ್ಲ. ಅಪ್ಪೆ, ಎಂದು ಅವನು ಅಮ್ಮನನ್ನು ಕರೆದ. ತುಳುವಿನಲ್ಲಿ, ಹುಡುಗನ ದನಿಯಲ್ಲಿ, ಜಗಲಿಗೆ ಕೇಳಬಾರದಷ್ಟು ಮೆಲ್ಲಗೆ. ಅಲ್ಲಿಯೂ ಅವನ ಒಂದು ಕಿವಿ ಜಗಲಿಯ ಮೇಲೆಯೇ ಇತ್ತು. ಅವಳು ತಿರುಗಿ ನೋಡದೆ ಹೊರಗೆ ಹೋಗಿ ಬಾಗಿಲು ಎಳೆದಳು.

ಕತ್ತಲೆಯಲ್ಲಿ ಎಲೆ ಕಾಣುತ್ತಿರಲಿಲ್ಲ, ಪರಿಮಳ ಬರುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮುಟ್ಟಬಾರದು, ಎಂದುಕೊಂಡ. ಮುಟ್ಟದಿದ್ದರೆ ಮುಂದಿನ ಆಟಿಗೆ ಮತ್ತೆ ಎಲೆ ಬೀಳುತ್ತದೆ, ಅದರ ಮುಂದಿನ ಆಟಿಗೂ. ಎಲ್ಲೋ ಒಂದು ಕಡೆ ತನ್ನ ಹೆಸರಿನಲ್ಲಿ ಅನ್ನ ಬೇಯುತ್ತದೆ. ಕಾಯುವವಳು ಉಳಿಯುತ್ತಾಳೆ. ಹೀಗೆ ಯೋಚಿಸುತ್ತಿರುವಾಗಲೇ ಬೆರಳು ಅನ್ನಕ್ಕೆ ಇಳಿದಿತ್ತು. ಕೋಳಿಯ ಕಾಲು ಬಾಯಿಗೆ ಬಂದಿತ್ತು. ಕೊತ್ತಂಬರಿ, ಸುಟ್ಟ ತೆಂಗಿನಕಾಯಿ, ಅವಳ ಕೈಯದ್ದೇ ರುಚಿ. ನಾಯಿಯ ಹಾಗೆ ಗಬಗಬ ತಿಂದ, ಅಳುತ್ತ ತಿಂದ, ಎಲುಬನ್ನು ಚೀಪಿ ಎಲೆಯ ಮೇಲೆ ಇಟ್ಟ.

ಬಾಗಿಲಿಗೆ ಮೂರು ಸಲ ತಟ್ಟಿದ ಸದ್ದಾಯಿತು. ಬದುಕಿದ್ದವನಾದರೆ ಓ ಎನ್ನಬೇಕು. ಒಂದೇ ಒಂದು ಓ ಸಾಕಾಗಿತ್ತು. ಜಗಲಿಗೆ ಕೇಳುವಷ್ಟು ಜೋರಾಗಿ ಎಂದರೆ ಅವಳ ಬೊಜ್ಜವೂ ಸುಳ್ಳಾಗುತ್ತಿತ್ತು, ಅವನ ಸಾಕ್ಷಿಯೂ ಸುಳ್ಳಾಗುತ್ತಿತ್ತು. ಜಗಲಿಯಲ್ಲಿ ಹಿರಿಯರು ಸಾರು ಕೇಳುತ್ತಿದ್ದರು. ಯೂನಿಸಮ್ಮ ನಗುತ್ತಿದ್ದರು. ಅವನು ಬಾಯೊಳಗಿದ್ದ ತುತ್ತನ್ನು ಸದ್ದಾಗದಂತೆ ನುಂಗಿದ.

ಬಾಗಿಲು ತೆರೆಯಿತು. ತಿಮ್ಮಕ್ಕನ ಕೈಯಲ್ಲಿ ಚಿಮಿಣಿ ದೀಪ ಇತ್ತು. ಅದನ್ನು ಅವನ ಮುಖಕ್ಕೆ ಹಿಡಿಯದೆ ಎಲೆಗೆ ಹಿಡಿದಳು. ಎಲುಬನ್ನು ನೋಡಿದಳು. ಎಷ್ಟೋ ವರ್ಷದ ಹಿಂದೆ ಕಣಜದ ಸಂದಿಯಿಂದ ಕಂಡಿದ್ದ ಆ ಬೆಳಕು ಅವಳ ಮುಖದ ಮೇಲೆ ಹರಿಯಿತು, ಅಷ್ಟೇ ಪೂರ್ತಿಯಾಗಿ. ಅವನು ಕೂತಿದ್ದ ಹಾಗೆಯೇ, ಅವನ ಎಂಜಲು ಕೈ ಇನ್ನೂ ಅದರ ಮೇಲಿರುವಂತೆಯೇ, ಎಲೆಯನ್ನು ಮಡಚಿ ಎಳೆದುಕೊಂಡಳು.

"ಎಂತ ಅಜ್ಜಿ, ಮಾಸ್ತರದ್ದು ಊಟ ಆಯ್ತಾ?" ಹೊರಗಿನಿಂದ ಕುಕ್ಕಪ್ಪ ಕೇಳಿದ.

"ಮುಟ್ಟಿದ್ದಾನೆ," ಎಂದಳು ಅವಳು. "ಇನ್ನು ಬಡಿಸುದು ಬೇಡ."

ಎಲೆಯನ್ನು ಹಿತ್ತಿಲಿನ ಗೇರುಮರದ ಬುಡಕ್ಕೆ ಎಸೆದು, ಕೈ ತೊಳೆದು, ಬೆಳಕಿರುವಾಗಲೇ ಮನೆ ಸೇರಬೇಕೆಂದು ಗುಡ್ಡ ಇಳಿದಳು.